ಹಸಿರು ಬಳಿದ ಬೀದಿ

ಬೆಳಗಾಗುವ ಮೊದಲು ಸೀತಾಲಕ್ಷ್ಮಿ ಮಾಡಿ ಮುಗಿಸುವ ಕೆಲಸಗಳು ಇವು. ನಾಲ್ಕೂ ಮುಕ್ಕಾಲಿಗೆ ಏಳುವುದು. ಕಾವೇರಿ ನೀರು ಬಿಡುವ ದಿನವಾದರೆ ಸಂಪಿನ ಮುಚ್ಚಳ ಸರಿಸಿ, ನೀರು ಬೀಳುವ ಸದ್ದು ಕೇಳುತ್ತಿದೆಯೇ ಎಂದು ಬಗ್ಗಿ ಕಿವಿಗೊಡುವುದು. ಬಿಡದ ದಿನವಾದರೆ ಮೋಟಾರು ಹಾಕಿ ಮೇಲಿನ ಟ್ಯಾಂಕು ತುಂಬಿಸುವುದು. ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಯಲು ಬಿಡುವುದು. ಗೇಟಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತಂದು ಕಾಯಿಸುವುದು. ಅತ್ತೆಗೆ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ ಕೊಟ್ಟು, ಅವರು ಅದನ್ನು ನುಂಗಿದರೋ ದಿಂಬಿನ ಕೆಳಗೆ ಇಟ್ಟರೋ ನೋಡಿಕೊಳ್ಳುವುದು. ಕುಕ್ಕರಿಗೆ ಬೇಳೆ ಇಡುವುದು. ಮನೆಮುಂದೆ ಬಿದ್ದ ಹೊಂಗೆಯ ಹೂವು, ಮಳೆಮರದ ಎಲೆ ಗುಡಿಸುವುದು. ನಾಲ್ಕು ಬಕೆಟ್ ನೀರು ಹಾಕಿ ತೊಳೆಯುವುದು. ರಂಗೋಲಿ ಬಿಡುವುದು. ಆಮೇಲೆ, ಐದೂವರೆಯಿಂದ ಆರೂವರೆಯವರೆಗೆ, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಒಂದು ನದಿಯ ನಕ್ಷೆ ಬರೆಯುವುದು.

ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದವನ್ನು ಮನೆಯಲ್ಲಿ ಯಾರೂ ಕೆಲಸವೆಂದು ಕರೆಯುವುದಿಲ್ಲ. ಅವು ಮನೆ ಅಂದಮೇಲೆ ಇದ್ದೇ ಇರುವಂಥವು. ಕೊನೆಯದನ್ನೂ ಕೆಲಸವೆನ್ನುವುದಿಲ್ಲ, ಅದು ಸೀತಾಳ ಹವ್ಯಾಸ. ಹೀಗಾಗಿ ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ, ಐವತ್ತೊಂದು ವರ್ಷದ ಸೀತಾಲಕ್ಷ್ಮಿ ಮಾತ್ರ ಏನೂ ಕೆಲಸವಿಲ್ಲದವಳು. ಬ್ಯಾಂಕಿನಿಂದ ನಿವೃತ್ತರಾದ ಗಂಡ ಬದರಿನಾಥರಿಗಾದರೂ ವಾಕಿಂಗ್ ಇತ್ತು, ಪೇಪರ್ ಇತ್ತು.

ನಕ್ಷೆ ಅವಳಿಗೆ ಹೊಸದಲ್ಲ. ಮದುವೆಗೆ ಮೊದಲು ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದ್ದಳು. ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮಾವನವರಿಗೆ ಪಾರ್ಶ್ವವಾಯು ಆದಾಗ ಬಿಟ್ಟಳು. ಮಾವ ಒಂಬತ್ತು ವರ್ಷ ಮಲಗಿದ್ದು ಹೋದರು. ಶಾಲೆಯವರು ಅಷ್ಟು ದಿನ ಕಾಯುತ್ತಾರೆಯೇ? ಎರಡು ವರ್ಷದ ಹಿಂದೆ ಪಾರ್ಕಿನಲ್ಲಿ ಒಬ್ಬ ಹುಡುಗಿ ಪಾಂಪ್ಲೆಟ್ ಹಂಚುತ್ತ ನಿಂತಿದ್ದಳು. ಸುರಭಿ ಎಂದು ಹೆಸರು, ಒಂದು ಸಂಶೋಧನಾ ಸಂಸ್ಥೆಯಲ್ಲಿ ನೀರಿನ ವಿಜ್ಞಾನಿ. ‘ನಕ್ಷೆ ಓದಲು ಬರುವವರು ಬೇಕು, ಮನೆಯಿಂದಲೇ ಕೆಲಸ’ ಎಂದು ಅದರಲ್ಲಿತ್ತು. ಸೀತಾಲಕ್ಷ್ಮಿ ಅದನ್ನು ಮಡಚಿ ಬ್ಲೌಸಿಗೆ ಸಿಕ್ಕಿಸಿಕೊಂಡು, ಮನೆಗೆ ಹೋದಮೇಲೆ ಬಚ್ಚಲುಮನೆಯಲ್ಲಿ ನಿಂತು ಮೂರು ಸಲ ಓದಿದ್ದಳು.

ಕೆಲಸದ ಹುರುಳು ಇಷ್ಟೆ. ಬನಶಂಕರಿಯ ಈ ಬೀದಿಗಳಲ್ಲಿ ಬಿದ್ದ ಮಳೆ ಚರಂಡಿ ಸೇರಿ, ರಾಜಕಾಲುವೆ ಸೇರಿ, ವೃಷಭಾವತಿಗೆ ಹೋಗುತ್ತದೆ. ಅದು ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಐವತ್ತು ವರ್ಷದ ಹಿಂದೆ ಇಲ್ಲಿ ಹೊಲ, ತೋಪು, ಕೆರೆಯಂಗಳ ಇದ್ದವು. ಈಗ ಮನೆಗಳು. ಆಗ ಬಿದ್ದಷ್ಟೇ ಮಳೆ ಈಗಲೂ ಬಿದ್ದರೆ ಹೊಳೆಗೆ ಎಷ್ಟು ನೀರು ಹೆಚ್ಚು ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಒಂದು ಮಾದರಿಯನ್ನು ಸುರಭಿಯ ತಂಡ ಕಟ್ಟುತ್ತಿತ್ತು. ಆ ಮಾದರಿಗೆ ನೆಲದ ನಕ್ಷೆ ಬೇಕು. ಉಪಗ್ರಹದಿಂದ ತೆಗೆದ ಚಿತ್ರವನ್ನು ನೋಡಿ ಎಲ್ಲಿ ಮನೆ, ಎಲ್ಲಿ ರಸ್ತೆ, ಎಲ್ಲಿ ತೋಟ ಎಂದು ಗೆರೆ ಎಳೆದು ಬಣ್ಣ ಬಳಿಯುವುದು ಸೀತಾಲಕ್ಷ್ಮಿಯ ಪಾಲು. ಒಂದೊಂದು ಬಣ್ಣಕ್ಕೂ ಒಂದೊಂದು ಅಂಕಿ: ಆ ನೆಲ ನೀರನ್ನು ಎಷ್ಟು ಕುಡಿಯುತ್ತದೆ, ಎಷ್ಟು ಓಡಿಸುತ್ತದೆ ಎಂದು.

“ಅದೇನೇ ನೀನು ದಿನಾ ಚೌಕ ಚೌಕ ಬರೀತೀಯ?” ಎಂದು ಅತ್ತೆ ಶಾಂತಾದೇವಿ ಒಮ್ಮೆ ಕೇಳಿದ್ದರು. ಎಂಬತ್ತೆರಡು ವಯಸ್ಸು, ಮಂಡಿ ಹೋಗಿತ್ತು, ನಾಲಿಗೆ ಹೋಗಿರಲಿಲ್ಲ.

“ಅತ್ತೆ, ಹುರಿದ ರವೆ ಮೇಲೆ ಒಂದು ಲೋಟ ನೀರು ಹುಯ್ದ್ರೆ ಏನಾಗತ್ತೆ?”

“ಹೀರ್ಕೊಳತ್ತೆ.”

“ಸ್ಟೀಲ್ ತಟ್ಟೆ ಮೇಲೆ ಹುಯ್ದ್ರೆ?”

“ನನ್ನ ಸೀರೆ ಮೇಲೆ ಬರತ್ತೆ.”

“ಅಷ್ಟೇ. ಈ ಊರಲ್ಲಿ ಎಲ್ಲಿ ರವೆ, ಎಲ್ಲಿ ತಟ್ಟೆ ಅಂತ ಬರೀತಿದೀನಿ.”

“ಇದಕ್ಕೆ ಎಂಎಸ್ಸಿ ಓದ್ಬೇಕಿತ್ತಾ!” ಎಂದರು ಶಾಂತಾದೇವಿ. ಆದರೆ ಅಂದಿನಿಂದ ಮೇಜಿನ ಆ ಮೂಲೆಯಲ್ಲಿ ಸೊಪ್ಪು ಬಿಡಿಸಲು ಕೂರುವುದನ್ನು ನಿಲ್ಲಿಸಿದರು.

ಒಂದೂವರೆ ವರ್ಷದಲ್ಲಿ ಸೀತಾಲಕ್ಷ್ಮಿ ತನ್ನ ಬಡಾವಣೆ, ಪದ್ಮನಾಭನಗರದ ಒಂದು ಭಾಗ, ಚಿಕ್ಕಲಸಂದ್ರ ಎಲ್ಲ ಬರೆದಳು. ನಕ್ಷೆಯ ಮೂಲೆಯಲ್ಲಿ ‘ಬರೆದವರು: ಬಿ. ಸೀತಾಲಕ್ಷ್ಮಿ’ ಎಂದು ಇರುತ್ತಿತ್ತು. ಮದುವೆಯ ಕರೆಯೋಲೆ ಬಿಟ್ಟರೆ ಅವಳ ಹೆಸರು ಅಚ್ಚಿನಲ್ಲಿ ಬಂದದ್ದು ಅದೊಂದರಲ್ಲೇ.

ಆಗಸ್ಟಿನ ಒಂದು ಸಂಜೆ ಜೋರು ಮಳೆ ಬಂತು. ಅರ್ಧ ಗಂಟೆಯಲ್ಲಿ ನಲವತ್ತು ಮಿಲಿಮೀಟರು. ಬಡಾವಣೆಯ ಕೆಳತುದಿಯಲ್ಲಿ ರಾಜಕಾಲುವೆಗೆ ಒಂದು ಸೇತುವೆಯಿದೆ. ಅದರ ಕಂಬಕ್ಕೆ ಸುರಭಿಯ ತಂಡದವರು ಅಳತೆಯ ಗೆರೆ ಎಳೆದು ಕ್ಯಾಮೆರಾ ಕೂರಿಸಿದ್ದರು. ಮಾದರಿಯ ಪ್ರಕಾರ ಅಲ್ಲಿ ನೀರು ಐವತ್ತು ನಿಮಿಷಕ್ಕೆ ಸೊಂಟದ ಮಟ್ಟಕ್ಕೆ ಏರಬೇಕಿತ್ತು. ಏರಿದ್ದು ಇಪ್ಪತ್ತೇ ನಿಮಿಷಕ್ಕೆ, ಎದೆಮಟ್ಟಕ್ಕೆ.

ಮಾರನೆಯ ದಿನ ಸುರಭಿಯ ಫೋನು ಬಂತು. ಕಷ್ಟದ ಮಾತನ್ನು ಆ ಹುಡುಗಿ ಓಡಿಸಿಕೊಂಡು ಹೇಳುತ್ತಿದ್ದಳು. “ಆಂಟಿ, ಸೇತುವೆ ಗೇಜ್ ಸರಿಯಾಗಿದೆ, ಎರಡು ಸಲ ಚೆಕ್ ಮಾಡಿದ್ವಿ. ಮಳೆ ಲೆಕ್ಕಾನೂ ಸರಿ. ಉಳಿದಿರೋದು ಮ್ಯಾಪು. ನಮ್ಮ ಸಾರ್ ಏನ್ ಹೇಳ್ತಿದಾರೆ ಅಂದ್ರೆ, ಎರಡು ವಾರದಲ್ಲಿ ಇದು ಹೊಂದ್ಲಿಲ್ಲ ಅಂದ್ರೆ ಕೈಯಲ್ಲಿ ಬರೆದಿದ್ದನ್ನ ಬಿಟ್ಟು, ಸಾಫ್ಟ್‌ವೇರ್ ತಾನಾಗೇ ಮಾಡೋ ಮ್ಯಾಪ್ ಹಾಕ್ಬಿಡೋಣ ಅಂತ.”

“ಅಂದ್ರೆ ನಾನು ಬರ್ದಿದ್ದು?”

“ಅದು... ಇರತ್ತೆ ಆಂಟಿ. ಫೋಲ್ಡರ್‌ನಲ್ಲಿ ಇರತ್ತೆ.”

ಫೋಲ್ಡರಿನಲ್ಲಿ ಇರುವುದು ಎಂದರೇನು ಎಂದು ಸೀತಾಲಕ್ಷ್ಮಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವಳ ಎಂ.ಎಸ್ಸಿ. ಸರ್ಟಿಫಿಕೇಟೂ ಬೀರುವಿನಲ್ಲಿ ಒಂದು ಫೋಲ್ಡರಿನಲ್ಲಿಯೇ ಇತ್ತು.

ಎರಡು ದಿನ ನಕ್ಷೆಯ ಒಂದೊಂದು ಚೌಕವನ್ನೂ ತಿರುಗಿ ನೋಡಿದಳು. ಮನೆ ಮನೆಯಂತೇ ಇತ್ತು, ರಸ್ತೆ ರಸ್ತೆಯಂತೇ. ಎಲ್ಲ ಸರಿ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬದರಿನಾಥರು ಊಟದ ಮಧ್ಯೆ ತಲೆಯೆತ್ತಿ, “ಯಾಕೆ, ಹುಷಾರಿಲ್ವಾ?” ಎಂದರು. ಉಪ್ಪು ಹೆಚ್ಚಾದಾಗ ಮಾತ್ರ ಆ ಪ್ರಶ್ನೆ ಬರುತ್ತಿತ್ತು.

ಮೂರನೆಯ ದಿನ ಬೆಳಗಿನ ಐದು ಗಂಟೆಗೆ ಅವಳು ಮನೆಮುಂದೆ ಬಕೆಟ್ ಹಿಡಿದು ನಿಂತಿದ್ದಳು. ಬೀದಿ ಗುಡಿಸುವ ರೇಣವ್ವ, ರಾಯಚೂರಿನ ಕಡೆಯವಳು, ಎದುರುಮನೆಯ ಮಳೆಮರದ ಕೆಳಗೆ ಎಲೆ ಒಟ್ಟುಮಾಡುತ್ತಿದ್ದಳು. ಸೀತಾಲಕ್ಷ್ಮಿ ಮೊದಲ ಬಕೆಟ್ ನೀರನ್ನು ಎರಚಿದಳು.

“ತಡೀರಿ ಅಮ್ಮಾರ, ತಡೀರಿ!” ರೇಣವ್ವ ಕೂಗಿಕೊಂಡಳು. “ಎಲಿ ಎತ್ತತನಕ ತಡೀರಿ. ನಿಮ್ಮ ನೀರು ಬಂದು ನನ್ನ ಎಲಿ ಎಲ್ಲಾ ಮೋರಿಗೆ ಒಯ್ತೈತಿ. ಒಂದು ಹನಿ ನಿಲ್ಲಂಗಿಲ್ಲ ಇಲ್ಲಿ.”

ಸೀತಾಲಕ್ಷ್ಮಿ ನೀರನ್ನು ನೋಡಿದಳು. ತನ್ನ ಗೇಟಿನಿಂದ ಹೊರಟ ನೀರು ಮರದ ಬುಡವನ್ನು ಬಳಸಿಕೊಂಡು, ನುಣ್ಣನೆಯ ಸಿಮೆಂಟಿನ ಮೇಲೆ ಹಾವಿನಂತೆ ಸರಸರ ಹರಿದು ಮೋರಿಗೆ ಧುಮುಕಿತು. ಮರದ ಬುಡಕ್ಕೂ ಕತ್ತಿನವರೆಗೆ ಸಿಮೆಂಟು. ಅವಳು ತಲೆಯೆತ್ತಿದಳು. ಮೇಲೆ ಈ ಬದಿಯ ಹೊಂಗೆ, ಆ ಬದಿಯ ಮಳೆಮರ ಒಂದಕ್ಕೊಂದು ಕೈಚಾಚಿ ಆಕಾಶವೇ ಕಾಣದಂತೆ ಹಬ್ಬಿದ್ದವು.

ಆಕಾಶದಿಂದಲೂ ಈ ಬೀದಿ ಕಾಣುವುದಿಲ್ಲವಲ್ಲ!

ಉಪಗ್ರಹದ ಚಿತ್ರದಲ್ಲಿ ಈ ಬೀದಿಯ ಜಾಗದಲ್ಲಿ ಇದ್ದದ್ದು ದಟ್ಟ ಹಸಿರು. ಹಸಿರು ಎಂದರೆ ತೋಟ, ತೋಟವೆಂದರೆ ಮಣ್ಣು, ಮಣ್ಣೆಂದರೆ ನೀರು ಕುಡಿಯುವ ನೆಲ. ಹಾಗೆ ಬಣ್ಣ ಬಳಿದವಳು ಯಾರು? ಇಪ್ಪತ್ತಾರು ವರ್ಷದಿಂದ ದಿನಕ್ಕೆ ನಾಲ್ಕು ಬಕೆಟ್ ನೀರು ಹಾಕಿ ಇದೇ ಸಿಮೆಂಟನ್ನು ತೊಳೆಯುತ್ತ ಬಂದವಳು. ಐದು ಗಂಟೆಗೆ ಬೀದಿಯನ್ನು ತೊಳೆದು, ಐದೂವರೆಗೆ ಒಳಗೆ ಹೋಗಿ, ಅದೇ ಬೀದಿಯನ್ನು ತೋಟವೆಂದು ಬರೆದಿದ್ದಳು.

ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಬಕೆಟ್ ಕೆಳಗಿಟ್ಟು ಗೇಟು ಹಿಡಿದುಕೊಳ್ಳುವಷ್ಟು. ರೇಣವ್ವನಿಗೂ ಏಕೆಂದು ತಿಳಿಯದೆ ನಗು ಹತ್ತಿತು. ಒಳಗಿನಿಂದ ಶಾಂತಾದೇವಿಯ ದನಿ ಬಂತು: “ಬೆಳಗಾಗೆದ್ದು ಏನದು ನಗು? ನಂಗೂ ಹೇಳಿ ನಗ್ರೇ!”

ತಪ್ಪು ಸಿಕ್ಕಿತು, ತಿದ್ದುವುದು ಹೇಗೆ? ಯಾವ ಮರದ ಕೆಳಗೆ ಮಣ್ಣಿದೆ, ಯಾವುದರ ಕೆಳಗೆ ಸಿಮೆಂಟಿದೆ ಎಂದು ಮೇಲಿನಿಂದ ತಿಳಿಯುವಂತಿಲ್ಲ. ಬಡಾವಣೆಯಲ್ಲಿ ನಲವತ್ತೊಂದು ಬೀದಿ, ಉಳಿದಿರುವುದು ಹನ್ನೊಂದು ದಿನ. ಹಗಲಿನಲ್ಲಿ ಹೋದರೆ ಮನೆಮುಂದೆ ಕಾರು, ಸ್ಕೂಟರು ನಿಂತಿರುತ್ತವೆ, ಕೇಳಲು ಜನರಿರುವುದಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಎಂದು ಕರಾರುವಾಕ್ಕಾಗಿ ಬಲ್ಲವರು ಮನೆಮುಂದೆ ತೊಳೆಯುವ ಹೆಂಗಸರು. ಅವರು ಸಿಗುವುದು ಐದರಿಂದ ಆರೂವರೆಯೊಳಗೆ. ಅಂದರೆ ಸರಿಯಾಗಿ ಅವಳ ಕೆಲಸಗಳ ಹೊತ್ತಿಗೆ.

“ನಾಳೆಯಿಂದ ಎಂಟು ದಿನ ಬೆಳಗ್ಗೆ ನಾನಿರಲ್ಲ,” ಎಂದಳು ಸೀತಾಲಕ್ಷ್ಮಿ, ರಾತ್ರಿ ಊಟಕ್ಕೆ ಬಡಿಸುತ್ತ.

“ಎಲ್ಲಿಗೆ?” ಬದರಿನಾಥರು ತಟ್ಟೆಯಿಂದ ಕೈ ತೆಗೆದರು.

“ಬೀದಿಗೆ.”

“ಮತ್ತೆ ಕಾಫಿ?”

“ಡಿಕಾಕ್ಷನ್ ಫಿಲ್ಟರಿನ ಕೆಳಗಿನ ಪಾತ್ರೇಲಿ ಇಳಿಯತ್ತೆ ರೀ. ನೀವು ಮೇಲಿನ ಪಾತ್ರೇಲಿ ಪುಡಿ ಹಾಕಿ ಬಿಸಿನೀರು ಹುಯ್ಯಬೇಕು. ಎರಡನ್ನೂ ಸರಿಯಾಗಿ ಕೂರಿಸಿ.”

ಇಪ್ಪತ್ತೆರಡು ಜನ ಸಿಬ್ಬಂದಿಯ ಶಾಖೆಯನ್ನು ನಡೆಸಿದ ಬದರಿನಾಥರು ಮೊದಲ ದಿನ ಎರಡನ್ನೂ ಸರಿಯಾಗಿ ಕೂರಿಸಲಿಲ್ಲ. ಡಿಕಾಕ್ಷನ್ ಕಟ್ಟೆಯ ಮೇಲೆ ಹರಿದು, ಗ್ಯಾಸ್ ಸ್ಟೌವಿನ ಕೆಳಗೆ ನುಗ್ಗಿ, ನೆಲಕ್ಕೆ ಇಳಿಯಿತು. ಎರಡನೆಯ ದಿನದ ಕಾಫಿ ಕೆರೆಯ ನೀರಿನಂತಿತ್ತು. ಶಾಂತಾದೇವಿ ಅದನ್ನು ಹಿಡಿದು ಬೆಳಕಿಗೆ ನೋಡಿ, “ಅಂತೂ ಮಗನ ಕೈ ಕಾಫಿ ಕುಡಿಯೋಕ್ಕೆ ಅರವತ್ಮೂರು ವರ್ಷ ಕಾದೆ,” ಎಂದು ಪೂರ್ತಿ ಕುಡಿದರು.

ಸೀತಾಲಕ್ಷ್ಮಿ ನಕ್ಷೆಯ ಪ್ರತಿ, ಪೆನ್ಸಿಲು ಹಿಡಿದು ಒಂದೊಂದು ಗೇಟಿನ ಮುಂದೆ ನಿಲ್ಲುತ್ತಿದ್ದಳು. ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನೀವು ಇಲ್ಲಿ ಹಾಕಿದ ನೀರು ಎಲ್ಲಿಗೆ ಹೋಗತ್ತೆ?”

ಯಾವ ಹೆಂಗಸೂ ಯೋಚಿಸಬೇಕಾಗಿ ಬರಲಿಲ್ಲ. ‘ಮೂರನೇ ಮನೆ ತನಕ ಹೋಗಿ ಅಲ್ಲಿ ಗುಂಡೀಲಿ ನಿಲ್ಲತ್ತೆ.’ ‘ಪಕ್ಕದವರು ಕಾರಿಗೆ ರ‍್ಯಾಂಪ್ ಹಾಕಿದಾರಲ್ಲ, ಅದಕ್ಕೆ ಹೊಡೆದು ವಾಪಸ್ ನಮ್ಮನೆಗೇ ಬರತ್ತೆ, ಹೇಳಿ ಸಾಕಾಯ್ತು.’ ‘ಇಲ್ಲಿ ಮಣ್ಣಿದೆ, ಅರ್ಧ ಬಕೆಟ್ ಇದೇ ಕುಡಿದುಬಿಡತ್ತೆ.’ ಹದಿನಾಲ್ಕನೇ ಅಡ್ಡರಸ್ತೆಯ ಒಂದು ಮನೆಯಲ್ಲಿ ಮಾತ್ರ ಯಜಮಾನರೇ ಬಾಗಿಲು ತೆರೆದರು. ಸುಭಾಷ್ ಎಂದು ಬೋರ್ಡಿತ್ತು.

“ನಮ್ಮ ಮನೆ ಮುಂದೆ ಮಣ್ಣು ಮೇಡಂ. ನೇಚರ್ ಅಂದ್ರೆ ನಂಗೆ ತುಂಬ ಇಷ್ಟ,” ಎಂದರು.

ಒಳಗಿನಿಂದ ಹೆಂಡತಿ ರೇಖಾ ಪೊರಕೆ ಹಿಡಿದೇ ಬಂದರು. “ಯಾವ ಮಣ್ಣು ರೀ? ಹೋದ ದೀಪಾವಳಿಗೆ ಟೈಲ್ಸ್ ಹಾಕ್ಸಿದ್ದು ಯಾರು? ಹತ್ತು ತಿಂಗಳಿಂದ ನಾನು ಉಜ್ತಿರೋದು ಏನು, ನಿಮ್ಮ ನೇಚರ್ನಾ?”

ಸುಭಾಷ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ತಮ್ಮ ಮನೆಯ ಮುಂದಿನ ನೆಲವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಸೀತಾಲಕ್ಷ್ಮಿ ‘ಟೈಲ್ಸ್’ ಎಂದು ಬರೆದುಕೊಂಡಳು. ರೇಖಾ ಅವಳ ಜೊತೆ ಮುಂದಿನ ನಾಲ್ಕು ಮನೆಗೆ ತಾವೂ ಬಂದರು, ನಗುತ್ತ, ಪೊರಕೆಯ ಸಮೇತ.

ಐದನೆಯ ದಿನ ಶಾಂತಾದೇವಿ ಕೋಲು ಹಿಡಿದು ಗೇಟಿನಲ್ಲಿ ತಯಾರಾಗಿ ನಿಂತಿದ್ದರು. “ನಮ್ಮ ಬೀದಿಗಾದ್ರೂ ನಾನು ಬರ್ತೀನಿ. ನಾವು ಇಲ್ಲಿಗೆ ಬಂದಾಗ ನಿನ್ನ ಸ್ಯಾಟಲೈಟೂ ಇರ್ಲಿಲ್ಲ, ಗೀಟಲೈಟೂ ಇರ್ಲಿಲ್ಲ.” ಹತ್ತು ಹೆಜ್ಜೆಗೊಮ್ಮೆ ನಿಂತು ಕೋಲು ತೋರಿಸಿದರು. ಇಲ್ಲಿ ರಾಗಿ ಹೊಲ. ಅಲ್ಲಿ ಹುಣಸೆ ತೋಪು. ಮಳೆ ಬಂದರೆ ಇಲ್ಲೆಲ್ಲ ನೀರು ನಿಂತು ಕಪ್ಪೆ ವಟಗುಟ್ಟುತ್ತಿತ್ತು, ಎರಡು ದಿನಕ್ಕೆ ಇಂಗುತ್ತಿತ್ತು. ಐವತ್ತು ವರ್ಷದ ಹಿಂದಿನ ನೆಲದ ನಕ್ಷೆಗೆ ಬೇಕಾದದ್ದೂ ಸಿಕ್ಕಿತೆಂದು ಸೀತಾಲಕ್ಷ್ಮಿ ಅದನ್ನೂ ಬರೆದುಕೊಂಡಳು.

“ಮತ್ತೆ ಈ ಸಿಮೆಂಟು ಯಾವಾಗ ಬಂತು ಅತ್ತೆ?”

“ತೊಂಬತ್ತೊಂದರಲ್ಲಿ. ನಾನೇ ಹಟ ಹಿಡಿದು ಹಾಕ್ಸಿದ್ದು.” ಶಾಂತಾದೇವಿ ಸೊಸೆಯ ಮುಖ ನೋಡಿದರು. “ಹಾಗೇನ್ ನೋಡ್ತೀಯ? ದಿನಾ ಸಗಣಿ ಸಾರ್ಸಿ ಸಾರ್ಸಿ ನನ್ನ ಸೊಂಟ ಹೋಗಿತ್ತು. ಮಳೆಗಾಲದಲ್ಲಿ ಮನೆ ತುಂಬ ಕೆಸರು, ಗಂಡಸ್ರು ಕಾಲು ತೊಳೀದೇ ಒಳಗೆ ಬರೋರು, ಒರೆಸೋಳು ನಾನು. ಸಿಮೆಂಟ್ ಹಾಕಿದ ದಿನ ಶ್ಯಾವಿಗೆ ಪಾಯಸ ಮಾಡಿದ್ದೆ.”

ಹೊಳೆಗೆ ನೀರು ಹೆಚ್ಚಾದ ಲೆಕ್ಕದಲ್ಲಿ ಬಿಲ್ಡರು, ರಸ್ತೆ, ಮನೆಗಳ ಅಂಕಿ ಇತ್ತು. ಅತ್ತೆಯ ಸೊಂಟದ ಅಂಕಿ ಇರಲಿಲ್ಲ. ಸಿಮೆಂಟನ್ನು ಬೈಯುವುದು ಸುಲಭ. ಮಣ್ಣನ್ನು ದಿನಾ ಸಾರಿಸುವವರು ಯಾರು ಎಂದು ಮೊದಲು ಕೇಳಬೇಕು. ಅವಳು ಅತ್ತೆಯ ತೋಳು ಹಿಡಿದು ರಸ್ತೆ ದಾಟಿಸಿದಳು.

“ನಂಗ್ಯಾಕೆ ಆ ಪಾಯಸ ಇನ್ನೊಂದ್ಸಲ ಮಾಡ್ಕೊಡ್ಲಿಲ್ಲ?” ಎಂದಳು.

“ನಿಂಗೆ ತೊಳೆಯೋಕ್ಕೆ ಸಿಮೆಂಟೇ ಸಿಕ್ತಲ್ಲ, ಸೀತೂ. ಅದೇ ಪಾಯಸ.”

ಎಂಟನೆಯ ದಿನ ನಲವತ್ತೊಂದು ಬೀದಿ ಮುಗಿದವು. ಹಸಿರು ಬಳಿದ ಜಾಗದಲ್ಲಿ ಮುಕ್ಕಾಲು ಪಾಲು ಸಿಮೆಂಟು, ಕಲ್ಲು, ಟೈಲ್ಸ್. ಒಂಬತ್ತನೆಯ ದಿನ ಪೂರ್ತಿ ಕೂತು ಬಣ್ಣ ಬದಲಾಯಿಸಿ ಸುರಭಿಗೆ ಕಳಿಸಿದಳು. ಅಂದು ಬದರಿನಾಥರು ಕುಕ್ಕರೂ ಇಟ್ಟರು; ಮೂರು ಸೀಟಿಯ ಜಾಗದಲ್ಲಿ ಏಳು ಕೂಗಿಸಿದರೂ ಅನ್ನ ಅನ್ನವೇ ಆಗಿತ್ತು.

ಹತ್ತನೆಯ ದಿನ ಹನ್ನೊಂದು ಗಂಟೆಗೆ ಫೋನು ಬಂತು. ಸೀತಾಲಕ್ಷ್ಮಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಸ್ಪೀಕರ್ ಹಾಕಿದಳು.

“ಇಪ್ಪತ್ತೆರಡು ಆಂಟಿ!” ಸುರಭಿ ಕಿರುಚಿದಳು. “ಇಪ್ಪತ್ತೆರಡು!”

“ಯಾರು ಔಟು?” ಬದರಿನಾಥರು ಪೇಪರಿನ ಹಿಂದಿನಿಂದ ಕೇಳಿದರು.

“ಇಪ್ಪತ್ತೆರಡು ನಿಮಿಷ ಅಂಕಲ್! ಮಾಡೆಲ್ ಈಗ ಇಪ್ಪತ್ತೆರಡು ನಿಮಿಷಕ್ಕೆ ಎದೆಮಟ್ಟ ನೀರು ತೋರಿಸ್ತಿದೆ. ನಿಜವಾಗಿ ಬಂದಿದ್ದು ಇಪ್ಪತ್ತು. ಸಖತ್ ಆಗಿ ಕೂತಿದೆ ಆಂಟಿ! ಸಾರ್ ಒಪ್ಕೊಂಡ್ರು. ನಿಮ್ಮ ಮ್ಯಾಪೇ ಇರತ್ತೆ, ಇಡೀ ಭಾಗಕ್ಕೆ.”

ಸೀತಾಲಕ್ಷ್ಮಿ ಚಾಕು ಕೆಳಗಿಟ್ಟಳು. ಎದ್ದಳು, ಕೂತಳು, ಮತ್ತೆ ಎದ್ದಳು. ಶಾಂತಾದೇವಿ ಏನೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ಬದರಿನಾಥರು ಪೇಪರು ಮಡಚಿ ಎದ್ದು, “ಕಾಫಿ ಮಾಡ್ಲಾ?” ಎಂದರು. ಮಾಡಿದರು. ಈ ಸಲ ಅದು ಕಾಫಿಯಂತೆಯೇ ಇತ್ತು. ಸೀತಾಲಕ್ಷ್ಮಿ ಕೂತೇ ಕುಡಿದಳು.

ಊಟವಾದ ಮೇಲೆ ಅತ್ತೆ ಒಳಗೆ, ಗಂಡ ಸೋಫಾದ ಮೇಲೆ ನಿದ್ದೆ ಹೋದರು. ಎರಡೂವರೆಗೆ ಸುರಭಿಯಿಂದ ಒಂದು ಪುಟ ಬಂತು. ನಕ್ಷೆಯನ್ನು ಏಕೆ, ಹೇಗೆ ತಿದ್ದಲಾಯಿತು ಎಂಬ ಟಿಪ್ಪಣಿ, ವರದಿಯೊಳಗೆ ಸೇರುವಂಥದು. ‘ಆಂಟಿ, ಓದಿ ಓಕೆ ಅಂದ್ರೆ ಸಾಕು,’ ಎಂದು ಮೇಲೆ ಬರೆದಿದ್ದಳು. ಟಿಪ್ಪಣಿ ಹೀಗಿತ್ತು: ‘ಉಪಗ್ರಹ ಚಿತ್ರದ ಮಿತಿಯಿಂದಾಗಿ ಬಡಾವಣೆಯ ಕೆಲವು ಬೀದಿಗಳು ತೋಟವೆಂದು ದಾಖಲಾಗಿದ್ದವು. ಅವನ್ನು ಸರಿಪಡಿಸಲಾಗಿದೆ.’

ಹುಡುಗಿಯ ಒಳ್ಳೆಯ ಮನಸ್ಸು. ಆಂಟಿಯ ತಪ್ಪನ್ನು ಆಕಾಶದ ಮೇಲೆ ಹಾಕಿದ್ದಳು.

ಸೀತಾಲಕ್ಷ್ಮಿ ಆ ಎರಡು ವಾಕ್ಯಗಳನ್ನು ಓದಿ, ನಕ್ಷೆಯನ್ನು ತೆರೆದು, ತನ್ನ ಬಡಾವಣೆಯಿಂದ ಆಚೆಗೆ ಸರಿಸಿದಳು. ಪದ್ಮನಾಭನಗರ. ಚಿಕ್ಕಲಸಂದ್ರ. ಅಲ್ಲಿಯೂ ಹಸಿರಿನ ಮುದ್ದೆಗಳು. ಗೌರಿಹಬ್ಬದ ವಾರ, ಒಂದು ಕೈಯಲ್ಲಿ ಹೂರಣ, ಇನ್ನೊಂದರಲ್ಲಿ ಮೌಸು ಎಂಬಂತೆ ಓಡಿಸಿ ಬಳಿದದ್ದು ಅವಳಿಗೆ ನೆನಪಿತ್ತು. ಎಣಿಸಿದಳು. ಹನ್ನೊಂದು.

ಅಲ್ಲಿ ಸೇತುವೆಯ ಗೇಜ್ ಇಲ್ಲ. ಮಾದರಿ ತಪ್ಪು ಹೇಳಿದರೂ ತಪ್ಪೆಂದು ತೋರಿಸುವ ಗೆರೆ ಎಲ್ಲಿಯೂ ಇಲ್ಲ. ಸುರಭಿಗೆ ಗೊತ್ತಿಲ್ಲ. ಅವಳ ಸಾರಿಗೂ ಗೊತ್ತಿಲ್ಲ. ಗೊತ್ತಾದರೆ, ‘ಕೈನಕ್ಷೆ ಬೇಡವೆಂದು ನಾನು ಆಗಲೇ ಹೇಳಿದ್ದೆ’ ಎನ್ನಲು ಅವರಿಗೆ ಹನ್ನೊಂದು ಕಾರಣ ಸಿಗುತ್ತದೆ. ಬೆಳಿಗ್ಗೆ ಗೆದ್ದದ್ದು ಸಂಜೆಗೆ ಫೋಲ್ಡರು ಸೇರಬಹುದು. ಅವರು ನಕ್ಷೆಯನ್ನು ಬಿಡದೆ ಇಟ್ಟುಕೊಂಡರೂ, ಅದನ್ನು ತಿದ್ದಲು ಇನ್ನೆಷ್ಟು ಬೆಳಗು, ಇನ್ನೆಷ್ಟು ಗೇಟು.

ಗಂಡನನ್ನು ಎಬ್ಬಿಸಿ ಕೇಳಬಹುದಿತ್ತು. ‘ಯಾರೂ ಕೇಳದ್ದನ್ನ ನೀನ್ಯಾಕೆ ಹೇಳ್ತೀಯ’ ಎನ್ನುತ್ತಿದ್ದರು. ಸುರಭಿಗೆ ಫೋನು ಮಾಡಬಹುದಿತ್ತು. ಆ ಹುಡುಗಿ ಅಳುಮೋರೆ ಮಾಡಿಕೊಂಡು ಒಪ್ಪಿಬಿಡುತ್ತಿದ್ದಳು. ಸೀತಾಲಕ್ಷ್ಮಿ ಇಬ್ಬರನ್ನೂ ಬಿಟ್ಟಳು. ಇಷ್ಟು ವರ್ಷ ಈ ಮನೆಯಲ್ಲಿ ಅವಳ ಹೆಸರಿಗೆ ಬಂದ ತಪ್ಪುಗಳೆಂದರೆ ಹೆಚ್ಚಾದ ಉಪ್ಪು, ಸೀದ ಹಾಲು. ಇದು ಬೇರೆ ಜಾತಿಯದು. ಅರ್ಕಾವತಿಯವರೆಗೆ ಹರಿಯುವಂಥ ತಪ್ಪು. ಅದನ್ನು ಮಾಡಲು ಓದಿರಬೇಕು, ಕೆಲಸದಲ್ಲಿರಬೇಕು. ಯೋಚಿಸಿದಷ್ಟೂ ಅವಳಿಗೆ ಹೆದರಿಕೆಯ ಜೊತೆಗೆ ಒಂದು ವಿಚಿತ್ರ ಸಂತೋಷವೂ ಆಯಿತು.

‘ಉಪಗ್ರಹ ಚಿತ್ರದ ಮಿತಿ’ಯನ್ನು ಅಳಿಸಿದಳು. ಒಂದೊಂದೇ ಅಕ್ಷರ ಒತ್ತಿ ಬರೆದಳು:

‘ಮರಗಳ ಕೆಳಗಿನ ಸಿಮೆಂಟು ನೆಲವನ್ನು ತೋಟವೆಂದು ಗುರುತಿಸಿದವಳು ನಾನು. ನಲವತ್ತೊಂದು ಬೀದಿಗಳಲ್ಲಿ ಮನೆಮುಂದೆ ತೊಳೆಯುವ ಹೆಂಗಸರನ್ನು ಕೇಳಿ ಅದನ್ನು ಸರಿಪಡಿಸಿದ್ದೇನೆ. ಇನ್ನೂ ಹನ್ನೊಂದು ಕಡೆ ಹೀಗೇ ಗುರುತಿಸಿದ್ದೇನೆ, ಪಟ್ಟಿ ಕೆಳಗಿದೆ. ಅವನ್ನು ನಾನು ಹೋಗಿ ನೋಡಿ ತಿದ್ದುವವರೆಗೆ ಆ ಭಾಗದ ಲೆಕ್ಕವನ್ನು ಯಾರೂ ನಂಬಬಾರದು.’

ಕೆಳಗೆ ಹನ್ನೊಂದು ಜಾಗಗಳ ಹೆಸರು ಸೇರಿಸಿದಳು. ಸೋಫಾದಿಂದ ಬದರಿನಾಥರ ಗೊರಕೆ ಏರಿ ಇಳಿಯುತ್ತಿತ್ತು. ಪಟ್ಟಿಯ ಅಡಿಯಲ್ಲಿ ‘ಬಿ. ಸೀತಾಲಕ್ಷ್ಮಿ’ ಎಂದು ಬರೆದು, ಎರಡನೇ ಸಲ ಓದದೆ, ಕಳಿಸಿಬಿಟ್ಟಳು.